ಅನಾಥರ ಮತ್ತು ದೀನರ ಪೋಷಣೆ: ಬೈಬಲ್ಲಿನ ಬೋಧನೆ

ಅನಾಥರು, ವಿಧವೆಯರು, ನಾಡಿನಲ್ಲಿ ನೆಲೆಸಿದ ಪರದೇಶದವರು ಮತ್ತು ಬಡವರಿಗೆ ಅನ್ನ, ಬಟ್ಟೆ, ನ್ಯಾಯ ಹಾಗೂ ಆಸರೆ ಒದಗಿಸುವ ಹೊಣೆಯನ್ನು ಕುರಿತು ಯೆಹೂದಿ ಮತ್ತು ಕ್ರೈಸ್ತ ಪವಿತ್ರಗ್ರಂಥಗಳಲ್ಲಿ ಬಂದಿರುವ ವಿಧಿ ಮತ್ತು ಉಪದೇಶಗಳ ಸಮುದಾಯವನ್ನು ದೀನಪೋಷಣೆಯ ಬೈಬಲ್ ಬೋಧನೆ ಎನ್ನುತ್ತಾರೆ. ಹಳೆಯ ಒಡಂಬಡಿಕೆಯ ಧರ್ಮಶಾಸ್ತ್ರ ಭಾಗದಲ್ಲಿ ಇದು ಬೆಳೆಯ ಪಾಲು, ದಶಮಾಂಶ, ಸಾಲ ಮನ್ನಾ ಮುಂತಾದ ಕಟ್ಟಳೆಗಳ ರೂಪದಲ್ಲಿದೆ. ಪ್ರವಾದಿಗಳ ಗ್ರಂಥಗಳಲ್ಲಿ ಆಳುವವರ ಯೋಗ್ಯತೆಯನ್ನು ಅಳೆಯುವ ಮಾನದಂಡವಾಗಿದೆ. ಹೊಸ ಒಡಂಬಡಿಕೆಯಲ್ಲಿ ಒತ್ತಾಯವಿಲ್ಲದ, ಆದರೆ ವ್ಯವಸ್ಥಿತವಾದ ಕೊಡುಗೆಯಾಗಿದೆ. ಬಡವನಿಗೆ ಸಲ್ಲುವುದು ಕೊಡುವವನ ಇಷ್ಟಕ್ಕೆ ಬಿಟ್ಟ ಭಿಕ್ಷೆಯಲ್ಲ, ದೇವರು ಗೊತ್ತುಮಾಡಿದ ಪಾಲು ಎಂಬ ನಿಲುವು ಈ ಮೂರು ಹಂತಗಳಲ್ಲಿಯೂ ಬೇರೆ ಬೇರೆ ಪ್ರಮಾಣದಲ್ಲಿ ಕಾಣುತ್ತದೆ.

ಪರಿಭಾಷೆ

ಅನಾಥ: ಹೀಬ್ರೂ ಭಾಷೆಯ ‘ಯಾತೋಮ್’ ಎಂಬ ಪದಕ್ಕೆ ಕನ್ನಡ ಅನುವಾದಗಳಲ್ಲಿ ‘ಅನಾಥ’, ‘ದಿಕ್ಕಿಲ್ಲದವನು’, ‘ತಾಯಿತಂದೆಯಿಲ್ಲದವನು’ ಎಂಬ ರೂಪಗಳಿವೆ. ಹೀಬ್ರೂ ಬೈಬಲ್ಲಿನಲ್ಲಿ ಇದು 42 ಸಲ ಬರುತ್ತದೆ; ಹೆಚ್ಚಿನ ಕಡೆ ವಿಧವೆಯ ಜೊತೆಯಲ್ಲಿಯೇ ಬರುತ್ತದೆ. ತಂದೆ ಸತ್ತ ಮಗುವನ್ನು, ತಾಯಿ ಬದುಕಿದ್ದರೂ, ಈ ಪದ ಸೂಚಿಸುತ್ತದೆ. ಪ್ರಲಾಪಗಳು 5:3ರಲ್ಲಿ ಅನಾಥರ ತಾಯಂದಿರನ್ನು ವಿಧವೆಯರೆಂದು ಹೇಳಿರುವುದು ಇದಕ್ಕೆ ಆಧಾರ. ಗ್ರೀಕ್ ಭಾಷೆಯ ‘ಓರ್ಫನೋಸ್’ ಎಂಬ ಪದ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬಂದಿದೆ: ಯೋಹಾನ 14:18 ಮತ್ತು ಯಾಕೋಬ 1:27.

ಪರದೇಶದವನು: ಹೀಬ್ರೂ ‘ಗೇರ್’. ತನ್ನ ಕುಲದ ನೆಲೆಯನ್ನು ಬಿಟ್ಟು ಇಸ್ರಾಯೇಲರ ನಡುವೆ ಭೂಮಿಯ ಹಕ್ಕಿಲ್ಲದೆ ವಾಸಿಸುವವನು. ವ್ಯಾಪಾರಕ್ಕೆ ಬಂದುಹೋಗುವ ಹೊರಗಿನವನನ್ನು ‘ನೊಕ್ರಿ’ ಎಂದು ಬೇರೆಯಾಗಿ ಹೆಸರಿಸಲಾಗಿದೆ. ಬಡ್ಡಿಯ ವಿಧಿಗಳಲ್ಲಿ ಈ ವ್ಯತ್ಯಾಸ ಮುಖ್ಯ.

ಲೇವಿಯ: ದೇವಾಲಯದ ಸೇವೆಗೆ ನೇಮಕವಾದ ಕುಲದವನು. ಈ ಕುಲಕ್ಕೆ ನಾಡಿನ ಹಂಚಿಕೆಯಲ್ಲಿ ಭೂಮಿ ಸಿಗದ ಕಾರಣ, ದೀನರ ಪಟ್ಟಿಯಲ್ಲಿ ಇವನೂ ಸೇರುತ್ತಾನೆ.

ನೀತಿ ಮತ್ತು ದಾನ: ಹೀಬ್ರೂ ‘ತ್ಸೆದಾಕಾ’ ಎಂಬ ಪದಕ್ಕೆ ಬೈಬಲ್ಲಿನಲ್ಲಿ ನೀತಿ, ಧರ್ಮ ಎಂಬ ಅರ್ಥವಿದೆ. ಮುಂದೆ ಯೆಹೂದಿ ರಬ್ಬಿಗಳ ಬಳಕೆಯಲ್ಲಿ ಅದು ಬಡವರಿಗೆ ಕೊಡುವ ದಾನದ ಹೆಸರಾಯಿತು. ಹೊಸ ಒಡಂಬಡಿಕೆಯಲ್ಲಿ ದಾನಕ್ಕೆ ‘ಎಲೆಎಮೊಸುನೆ’ (ಕರುಣೆಯ ಕಾರ್ಯ), ಸಭೆಗಳ ಹಂಚಿಕೆಗೆ ‘ಕೊಯ್ನೊನಿಯ’ (ಪಾಲುಗಾರಿಕೆ), ಸೇವೆಗೆ ‘ದಿಯಾಕೊನಿಯ’ ಎಂಬ ಪದಗಳಿವೆ.

ಹಿನ್ನೆಲೆ

ಪ್ರಾಚೀನ ಇಸ್ರಾಯೇಲಿನಲ್ಲಿ ಭೂಮಿ ಗಂಡುಸಂತತಿಯ ಮೂಲಕ ಇಳಿಯುತ್ತಿತ್ತು. ಅರಣ್ಯಕಾಂಡ 27:8–11ರ ಬಾಧ್ಯತೆಯ ಕ್ರಮದಲ್ಲಿ ಮಗ, ಮಗಳು, ಸಹೋದರ, ತಂದೆಯ ಸಹೋದರ ಹಾಗೂ ಹತ್ತಿರದ ರಕ್ತಸಂಬಂಧಿಗಳ ಹೆಸರಿದೆ; ವಿಧವೆಯ ಹೆಸರಿಲ್ಲ. ಊರಬಾಗಿಲಲ್ಲಿ ಹಿರಿಯರು ಸೇರಿ ನ್ಯಾಯ ತೀರಿಸುವಾಗ ಮನೆಯ ಪರವಾಗಿ ಮಾತಾಡುತ್ತಿದ್ದವನು ಯಜಮಾನ. ಅವನು ಸತ್ತರೆ ಮನೆಯವರು ಅನ್ನದ ಜೊತೆಗೆ ನ್ಯಾಯಸ್ಥಾನದ ದನಿಯನ್ನೂ ಕಳೆದುಕೊಳ್ಳುತ್ತಿದ್ದರು. ಸಾಲ ತೀರದಿದ್ದರೆ ಸಾಲಿಗನು ಮಕ್ಕಳನ್ನು ಜೀತಕ್ಕೆ ಒಯ್ಯುವ ರೂಢಿಯಿತ್ತು. ಎಲೀಷ ಪ್ರವಾದಿಯ ಬಳಿ ಬಂದ ವಿಧವೆಯ ಇಬ್ಬರು ಗಂಡುಮಕ್ಕಳು ಇದೇ ಅಪಾಯದಲ್ಲಿದ್ದರು (2 ಅರಸುಗಳು 4:1–7).

ದುರ್ಬಲರನ್ನು ಕಾಯುವ ಮಾತು ಇಸ್ರಾಯೇಲಿಗೆ ಮಾತ್ರ ಸೀಮಿತವಾಗಿರಲಿಲ್ಲ. ಮೆಸೊಪೊಟೇಮಿಯದ ಊರ್-ನಮ್ಮುವಿನ ಶಾಸನದ ಪೀಠಿಕೆ ಮತ್ತು ಕ್ರಿ.ಪೂ. 18ನೆಯ ಶತಮಾನದ ಹಮ್ಮುರಾಬಿಯ ಶಾಸನದ ಉಪಸಂಹಾರಗಳಲ್ಲಿ ಅನಾಥರನ್ನೂ ವಿಧವೆಯರನ್ನೂ ಬಲಾಢ್ಯರಿಂದ ಕಾಪಾಡಿದೆವೆಂದು ಅರಸರು ಹೇಳಿಕೊಂಡಿದ್ದಾರೆ. ಉಗಾರಿತ್ ನಗರದ ಅಕ್ಹತ್ ಕಥಾಕಾವ್ಯದಲ್ಲಿ ದನೇಲನು ಊರಬಾಗಿಲಲ್ಲಿ ಕುಳಿತು ಇವರ ವ್ಯಾಜ್ಯ ತೀರಿಸುತ್ತಾನೆ. ಈಜಿಪ್ಟಿನ ನೀತಿಸಾಹಿತ್ಯದಲ್ಲಿಯೂ ಇಂಥ ಉಪದೇಶವಿದೆ. ಈ ಪರಂಪರೆಗಳಲ್ಲಿ ದೀನರಕ್ಷಣೆ ಮುಖ್ಯವಾಗಿ ಅರಸನ ಕೀರ್ತಿಯ ವಿಷಯ. ಬೈಬಲ್ಲಿನಲ್ಲಿಯೂ ಕೀರ್ತನೆ 72ರಂಥ ಕಡೆ ಅರಸನ ಈ ಹೊಣೆ ಉಳಿದಿದೆ. ಆದರೆ ಧರ್ಮೋಪದೇಶಕಾಂಡವು ಅದನ್ನು ಹೊಲವಿರುವ ಪ್ರತಿಯೊಬ್ಬ ಮನೆಯ ಯಜಮಾನನ ಮೇಲೆ ಹೊರಿಸುತ್ತದೆ, ದೇವರನ್ನೇ ಅನಾಥರ ಪಕ್ಷದ ನ್ಯಾಯಾಧಿಪತಿಯಾಗಿ ನಿಲ್ಲಿಸುತ್ತದೆ (10:17–18).

ಈ ವಿಧಿಗಳಿಗೆ ಗ್ರಂಥದಲ್ಲಿ ಮೂರು ಕಾರಣಗಳಿವೆ. ಒಂದು, ಇಸ್ರಾಯೇಲರು ಈಜಿಪ್ಟಿನಲ್ಲಿ ದಾಸರಾಗಿದ್ದರೆಂಬ ನೆನಪು (ಧರ್ಮೋಪದೇಶಕಾಂಡ 24:18, 22). ಎರಡು, ಭೂಮಿ ದೇವರದು, ಜನರು ಅದರಲ್ಲಿ ಒಕ್ಕಲುಗಳು ಮಾತ್ರ ಎಂಬ ತತ್ತ್ವ (ಯಾಜಕಕಾಂಡ 25:23). ಮೂರು, ದೀನರ ಮೊರೆ ದೇವರಿಗೆ ನೇರವಾಗಿ ಮುಟ್ಟುತ್ತದೆಂಬ ಎಚ್ಚರಿಕೆ. ಅನಾಥರನ್ನು ಪೀಡಿಸಿದವರ ಹೆಂಡತಿಯರು ವಿಧವೆಯರಾಗುವರು, ಮಕ್ಕಳು ಅನಾಥರಾಗುವರು ಎಂದು ವಿಮೋಚನಕಾಂಡ 22:22–24 ಹೇಳುತ್ತದೆ.

ಧರ್ಮಶಾಸ್ತ್ರದ ವಿಧಿಗಳು

ಬೆಳೆಯ ಪಾಲು: ಪೈರು ಕೊಯ್ಯುವಾಗ ಹೊಲದ ಅಂಚನ್ನು ಪೂರ್ತಿಯಾಗಿ ಕೊಯ್ಯಬಾರದು, ಹಕ್ಕಲನ್ನು ಆಯಬಾರದು, ದ್ರಾಕ್ಷಿತೋಟದಲ್ಲಿ ಉದುರಿದ ಹಣ್ಣನ್ನು ಕೂಡಿಸಬಾರದು (ಯಾಜಕಕಾಂಡ 19:9–10, 23:22). ಹೊಲದಲ್ಲಿ ಮರೆತು ಬಂದ ಸಿವುಡಿಗಾಗಿ ಹಿಂದಿರುಗಬಾರದು, ಎಣ್ಣೆಮರದ ಕಾಯಿಗಳನ್ನು ಬಡಿದು ಉದುರಿಸಿದ ಮೇಲೆ ಕೊಂಬೆಗಳಲ್ಲಿ ಉಳಿದುದನ್ನು ಮತ್ತೆ ಹುಡುಕಬಾರದು (ಧರ್ಮೋಪದೇಶಕಾಂಡ 24:19–21). ಉಳಿದದ್ದು ಪರದೇಶದವರಿಗೂ ಅನಾಥರಿಗೂ ವಿಧವೆಯರಿಗೂ ಸೇರಿದ್ದು. ಅದನ್ನು ಯಜಮಾನ ಹಂಚುವುದಿಲ್ಲ. ಬಡವರೇ ಹೊಲಕ್ಕೆ ಬಂದು ಆಯ್ದುಕೊಳ್ಳುತ್ತಾರೆ.

ಏಳನೆಯ ವರ್ಷದ ಬೀಳು: ಆರು ವರ್ಷ ಬಿತ್ತಿ ಏಳನೆಯ ವರ್ಷ ಭೂಮಿಯನ್ನು ಬೀಳುಬಿಡಬೇಕು, ತಾನಾಗಿ ಬೆಳೆದುದನ್ನು ಬಡವರು ತಿನ್ನಬೇಕು (ವಿಮೋಚನಕಾಂಡ 23:10–11).

ಮೂರನೆಯ ವರ್ಷದ ದಶಮಾಂಶ: ಮೂರು ವರ್ಷಕ್ಕೊಮ್ಮೆ ಬೆಳೆಯ ಹತ್ತನೆಯ ಒಂದು ಪಾಲನ್ನು ಯಾತ್ರಾಸ್ಥಳಕ್ಕೆ ಒಯ್ಯದೆ ಆಯಾ ಊರಿನಲ್ಲಿಯೇ ಕೂಡಿಡಬೇಕು. ಲೇವಿಯನು, ಪರದೇಶದವನು, ಅನಾಥ, ವಿಧವೆ ಅದನ್ನು ತೃಪ್ತಿಯಾಗಿ ಉಣ್ಣಬೇಕು (ಧರ್ಮೋಪದೇಶಕಾಂಡ 14:28–29). ಈ ಪಾಲನ್ನು ಮನೆಯಿಂದ ತೆಗೆದು ಕೊಟ್ಟಿದ್ದೇನೆಂದು ಒಕ್ಕಲಿಗನು ದೇವರ ಮುಂದೆ ಅರಿಕೆ ಮಾಡಬೇಕು (26:12–15). ಗೊತ್ತಾದ ಪ್ರಮಾಣ, ಗೊತ್ತಾದ ಕಾಲ, ಗೊತ್ತಾದ ಫಲಾನುಭವಿಗಳು, ಲೆಕ್ಕ ಒಪ್ಪಿಸುವ ಕಟ್ಟು ಎಂಬ ನಾಲ್ಕೂ ಈ ವಿಧಿಯಲ್ಲಿವೆ.

ಸಾಲ ಮತ್ತು ಒತ್ತೆ: ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ತೆಗೆದುಕೊಳ್ಳಬಾರದು (ವಿಮೋಚನಕಾಂಡ 22:25, ಯಾಜಕಕಾಂಡ 25:35–37). ಹೊದಿಕೆಯನ್ನು ಒತ್ತೆಯಿಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ಹಿಂದಿರುಗಿಸಬೇಕು. ವಿಧವೆಯ ಬಟ್ಟೆಯನ್ನು ಒತ್ತೆಯಾಗಿ ತೆಗೆದುಕೊಳ್ಳಲೇಬಾರದು. ಮನೆಯವರ ಊಟಕ್ಕೆ ಆಧಾರವಾದ ಬೀಸುವ ಕಲ್ಲನ್ನೂ ಮುಟ್ಟಬಾರದು. ಒತ್ತೆ ವಸ್ತುವಿಗಾಗಿ ಸಾಲಗಾರನ ಮನೆಯೊಳಕ್ಕೆ ಹೋಗದೆ ಹೊರಗೆ ನಿಂತು ಕಾಯಬೇಕು (ಧರ್ಮೋಪದೇಶಕಾಂಡ 24:6, 10–13, 17). ಹೊರಗಿನವನಿಂದ ಮಾತ್ರ ಬಡ್ಡಿ ತೆಗೆದುಕೊಳ್ಳಬಹುದು (23:20).

ಕೂಲಿ: ಬಡ ಕೂಲಿಯಾಳು ಸ್ವದೇಶದವನಾಗಲಿ ಪರದೇಶದವನಾಗಲಿ, ಅವನ ಕೂಲಿಯನ್ನು ಅಂದೇ, ಹೊತ್ತು ಮುಳುಗುವ ಮುನ್ನ ಕೊಡಬೇಕು (24:14–15).

ಬಿಡುಗಡೆಯ ವರ್ಷ: ಏಳು ವರ್ಷಕ್ಕೊಮ್ಮೆ ಇಸ್ರಾಯೇಲರ ನಡುವಿನ ಸಾಲಗಳನ್ನು ಬಿಟ್ಟುಬಿಡಬೇಕು. ಬಿಡುಗಡೆಯ ವರ್ಷ ಸಮೀಪಿಸಿತೆಂದು ಸಾಲ ಕೊಡದೆ ಕೈ ಬಿಗಿಹಿಡಿಯುವುದು ಪಾಪ (15:1–11). ಆರು ವರ್ಷ ದುಡಿದ ದಾಸನನ್ನು ಏಳನೆಯ ವರ್ಷ ಬಿಡುವಾಗ ಹಿಂಡು, ಕಣ, ದ್ರಾಕ್ಷಿತೊಟ್ಟಿಗಳಿಂದ ಧಾರಾಳವಾಗಿ ಕೊಟ್ಟು ಕಳುಹಿಸಬೇಕು (15:12–15).

ಜೂಬಿಲಿ ವರ್ಷ: 50ನೆಯ ವರ್ಷ ಮಾರಿದ ಭೂಮಿ ಮೂಲ ಕುಟುಂಬಕ್ಕೆ ಮರಳಬೇಕು, ಜೀತಕ್ಕೆ ಬಿದ್ದವರು ತಮ್ಮ ಸ್ವಾಸ್ತ್ಯಕ್ಕೆ ಹಿಂದಿರುಗಬೇಕು (ಯಾಜಕಕಾಂಡ 25). ಬಡತನವು ತಲೆಮಾರಿನಿಂದ ತಲೆಮಾರಿಗೆ ಇಳಿಯದಂತೆ ತಡೆಯುವುದು ಇದರ ಪರಿಣಾಮ.

ನ್ಯಾಯಸ್ಥಾನ ಮತ್ತು ಹಬ್ಬ: ಅನಾಥನ ಮತ್ತು ಪರದೇಶದವನ ನ್ಯಾಯವನ್ನು ತಿರುಚುವವನು ಶಾಪಗ್ರಸ್ತ (ಧರ್ಮೋಪದೇಶಕಾಂಡ 27:19). ಆದರೆ ವ್ಯಾಜ್ಯದಲ್ಲಿ ಬಡವನೆಂಬ ಕಾರಣಕ್ಕೆ ಪಕ್ಷಪಾತ ಮಾಡುವುದನ್ನೂ ನಿಷೇಧಿಸಲಾಗಿದೆ (ವಿಮೋಚನಕಾಂಡ 23:3, ಯಾಜಕಕಾಂಡ 19:15). ವಾರಗಳ ಹಬ್ಬ ಮತ್ತು ಪರ್ಣಶಾಲೆಗಳ ಹಬ್ಬಗಳಲ್ಲಿ ಅನಾಥರೂ ವಿಧವೆಯರೂ ಮನೆಯವರ ಜೊತೆ ಸಂಭ್ರಮಿಸಬೇಕು (ಧರ್ಮೋಪದೇಶಕಾಂಡ 16:11, 14).

ಪ್ರವಾದಿಗಳ ಗ್ರಂಥಗಳು

ಪ್ರವಾದಿಗಳು ಹೊಸ ವಿಧಿಗಳನ್ನು ಸೇರಿಸುವುದಿಲ್ಲ. ಇರುವ ವಿಧಿಗಳನ್ನು ಮೀರಿದವರನ್ನು ಖಂಡಿಸುತ್ತಾರೆ. ಕ್ರಿ.ಪೂ. 8ನೆಯ ಶತಮಾನದ ಆಮೋಸನು ಅಳತೆ ತೂಕಗಳಲ್ಲಿ ಮೋಸ ಮಾಡಿ, ಕೆರಗಳ ಬೆಲೆಗೆ ಬಡವರನ್ನು ಕೊಳ್ಳುವ ವರ್ತಕರನ್ನು ಹೆಸರಿಸುತ್ತಾನೆ (2:6–7, 8:4–6). ಯೆಶಾಯನು ಲಂಚಕೋರ ಅಧಿಪತಿಗಳ ಮುಂದೆ ಅನಾಥರ ವ್ಯಾಜ್ಯ ಬರುವುದೇ ಇಲ್ಲವೆಂದು ಆರೋಪಿಸುತ್ತಾನೆ, ಅನ್ಯಾಯದ ಕಟ್ಟಳೆಗಳನ್ನು ಬರೆದು ಅನಾಥರನ್ನು ಸುಲಿಯುವವರನ್ನು ಶಪಿಸುತ್ತಾನೆ (1:17, 23; 10:1–2). ಯೆಶಾಯ 58ನೆಯ ಅಧ್ಯಾಯದಲ್ಲಿ ದೇವರು ಮೆಚ್ಚುವ ಉಪವಾಸವೆಂದರೆ ನೊಗದ ಬಂಧನಗಳನ್ನು ಬಿಡಿಸುವುದು, ಹಸಿದವನಿಗೆ ರೊಟ್ಟಿಯನ್ನು ಹಂಚುವುದು, ಮನೆಯಿಲ್ಲದವನನ್ನು ಮನೆಗೆ ಕರೆಯುವುದು.

ಯೆರೆಮೀಯನು ದೇವಾಲಯದ ಬಾಗಿಲಲ್ಲಿ ನಿಂತು, ಪರದೇಶದವರು, ಅನಾಥರು, ವಿಧವೆಯರನ್ನು ಹಿಂಸಿಸದಿರುವುದೇ ಜನರು ನಾಡಿನಲ್ಲಿ ಉಳಿಯುವುದಕ್ಕೆ ಇರುವ ಷರತ್ತು ಎಂದು ಸಾರುತ್ತಾನೆ (7:5–7). ಯೋಷೀಯ ಅರಸನು ದೀನದರಿದ್ರರ ನ್ಯಾಯವನ್ನು ನಡೆಸಿದ್ದನ್ನೇ ದೇವರನ್ನು ಅರಿತದ್ದಕ್ಕೆ ಗುರುತಾಗಿ ಹೇಳಿ, ಅರಮನೆ ಕಟ್ಟಿಸುತ್ತಿದ್ದ ಅವನ ಮಗ ಯೆಹೋಯಾಕೀಮನನ್ನು ಖಂಡಿಸುತ್ತಾನೆ (22:13–17). ಯೆಹೆಜ್ಕೇಲನು ಸೊದೋಮಿನ ದೋಷಗಳಲ್ಲಿ ಹೊಟ್ಟೆತುಂಬ ಉಂಡು ನೆಮ್ಮದಿಯಾಗಿದ್ದರೂ ಬಡವರಿಗೆ ಕೈನೀಡದ ಗರ್ವವನ್ನು ಎಣಿಸುತ್ತಾನೆ (16:49). ಬಾಬೆಲಿನ ಸೆರೆಯಿಂದ ಜನರು ಮರಳಿದ ಮೇಲಿನ ಕಾಲದ ಜೆಕರ್ಯ (7:9–10) ಮತ್ತು ಮಲಾಕಿಯ (3:5) ಗ್ರಂಥಗಳಲ್ಲಿಯೂ ಇದೇ ಆಗ್ರಹವಿದೆ.

ಕೀರ್ತನೆಗಳು, ಜ್ಞಾನಸಾಹಿತ್ಯ ಮತ್ತು ಕಥನಗಳು

ಕೀರ್ತನೆಗಳಲ್ಲಿ ದೇವರು ಅನಾಥರ ತಂದೆ, ವಿಧವೆಯರ ರಕ್ಷಕ (68:5; 146:9). ಜ್ಞಾನೋಕ್ತಿಗಳಲ್ಲಿ ಬಡವನನ್ನು ಹಿಂಸಿಸುವುದು ಸೃಷ್ಟಿಕರ್ತನಿಗೆ ಮಾಡುವ ಅವಮಾನ (14:31), ಬಡವನಿಗೆ ಕೊಟ್ಟದ್ದು ದೇವರಿಗೆ ಕೊಟ್ಟ ಸಾಲ (19:17), ಅನಾಥರ ಹೊಲದ ಎಲ್ಲೆಯನ್ನು ಒತ್ತುವುದು ನಿಷಿದ್ಧ (23:10–11). ಯೋಬನ ಗ್ರಂಥದಲ್ಲಿ ಅನಾಥರ ಪೋಷಣೆ ಸಜ್ಜನಿಕೆಯ ಸಾಕ್ಷ್ಯವಾಗಿದೆ. ಯೋಬನು ಅನಾಥರ ಕೈಗಳನ್ನು ಮುರಿದನೆಂದು ಗೆಳೆಯ ಎಲೀಫಜನು ಆರೋಪಿಸಿದರೆ (22:9), ತನ್ನ ತುತ್ತನ್ನು ಅನಾಥನೊಡನೆ ಹಂಚಿಕೊಳ್ಳದೆ ಉಂಡಿಲ್ಲವೆಂದು ಯೋಬನು ಆಣೆಯಿಟ್ಟು ಹೇಳುತ್ತಾನೆ (31:16–22).

ಹಕ್ಕಲಿನ ವಿಧಿ ಆಚರಣೆಯಲ್ಲಿ ಹೇಗಿತ್ತೆಂಬುದಕ್ಕೆ ರೂತಳ ಗ್ರಂಥ ನಿದರ್ಶನ. ಮೋವಾಬ್ ದೇಶದ ವಿಧವೆ ರೂತಳು ಅತ್ತೆ ನೊವೊಮಿಯೊಡನೆ ಬೇತ್ಲೆಹೇಮಿಗೆ ಬಂದು ಬೋವಜನ ಹೊಲದಲ್ಲಿ ಜವೆಗೋದಿಯ ಹಕ್ಕಲಾಯುತ್ತಾಳೆ. ಬೋವಜನು ವಿಧಿಯನ್ನು ಮೀರಿ, ಕಟ್ಟುಗಳಿಂದ ತೆನೆಗಳನ್ನು ಬೇಕೆಂದೇ ಬೀಳಿಸುವಂತೆ ಆಳುಗಳಿಗೆ ಹೇಳುತ್ತಾನೆ. ಅನಾಥ ಮಗುವನ್ನು ಸಾಕಿದ ಕಥೆ ಎಸ್ತೇರಳ ಗ್ರಂಥದಲ್ಲಿದೆ: ತಾಯಿತಂದೆಯರನ್ನು ಕಳೆದುಕೊಂಡ ಎಸ್ತೇರಳನ್ನು ದೊಡ್ಡಪ್ಪ–ಚಿಕ್ಕಪ್ಪಂದಿರ ಮಕ್ಕಳ ವರಸೆಯ ಬಂಧು ಮೊರ್ದೆಕೈ ಮಗಳಾಗಿ ಬೆಳೆಸುತ್ತಾನೆ (2:7). ದತ್ತು ಸ್ವೀಕಾರಕ್ಕೆ ಧರ್ಮಶಾಸ್ತ್ರದಲ್ಲಿ ಪ್ರತ್ಯೇಕ ವಿಧಿಯಿಲ್ಲ. ನೆಹೆಮೀಯ 5ನೆಯ ಅಧ್ಯಾಯದಲ್ಲಿ ಬರಗಾಲದ ಸಾಲಕ್ಕಾಗಿ ಮಕ್ಕಳನ್ನು ಜೀತಕ್ಕಿಟ್ಟ ಜನರ ದೂರಿನ ಮೇಲೆ ಅಧಿಪತಿ ನೆಹೆಮೀಯನು ಶ್ರೀಮಂತರಿಂದ ಬಡ್ಡಿಯನ್ನೂ ಹೊಲಗಳನ್ನೂ ಹಿಂದೆ ಕೊಡಿಸುತ್ತಾನೆ.

ಕಥೋಲಿಕ ಮತ್ತು ಆರ್ಥೊಡಾಕ್ಸ್ ಸಭೆಗಳು ಅಂಗೀಕರಿಸುವ ತೋಬಿತ ಮತ್ತು ಸಿರಾಖ ಗ್ರಂಥಗಳಲ್ಲಿ ದಾನಕ್ಕೆ ಇನ್ನೂ ಹೆಚ್ಚಿನ ಸ್ಥಾನವಿದೆ. ಇದ್ದುದಕ್ಕೆ ತಕ್ಕಂತೆ ಕೊಡಬೇಕು (ತೋಬಿತ 4:7–11), ದಾನವು ಪಾಪವನ್ನು ಪರಿಹರಿಸುತ್ತದೆ (ತೋಬಿತ 12:9, ಸಿರಾಖ 3:30), ಅನಾಥರಿಗೆ ತಂದೆಯಂತಿರಬೇಕು (ಸಿರಾಖ 4:10) ಎಂಬವು ಇವುಗಳ ಉಪದೇಶ.

ಹೊಸ ಒಡಂಬಡಿಕೆ

ಯೇಸುವಿನ ಉಪದೇಶ: ದಾನವನ್ನು ಮೆಚ್ಚುಗೆಗಾಗಿ ಬಹಿರಂಗವಾಗಿ ಮಾಡದೆ ಗುಟ್ಟಾಗಿ ಮಾಡಬೇಕು (ಮತ್ತಾಯ 6:1–4). ಔತಣಕ್ಕೆ, ಮರಳಿ ಕರೆಯಲಾರದ ಬಡವರನ್ನೂ ಅಂಗವಿಕಲರನ್ನೂ ಕರೆಯಬೇಕು (ಲೂಕ 14:12–14). ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ ನೆರೆಯವನ ವ್ಯಾಪ್ತಿ ಕುಲದ ಗಡಿಯನ್ನು ದಾಟುತ್ತದೆ (ಲೂಕ 10:25–37). ಬಾಗಿಲ ಬಳಿಯ ಲಾಜರನನ್ನು ಕಡೆಗಣಿಸಿದ ಐಶ್ವರ್ಯವಂತನು ದಂಡನೆಗೆ ಗುರಿಯಾಗುತ್ತಾನೆ (ಲೂಕ 16:19–31). ಮತ್ತಾಯ 25:31–46ರ ಅಂತಿಮ ತೀರ್ಪಿನಲ್ಲಿ ಹಸಿದವರು, ಬಾಯಾರಿದವರು, ಪರದೇಶಿಗಳು, ಬಟ್ಟೆಯಿಲ್ಲದವರು, ರೋಗಿಗಳು, ಸೆರೆಯವರಿಗೆ ಮಾಡಿದ್ದನ್ನು ಅರಸನು ತನಗೇ ಮಾಡಿದ್ದೆಂದು ಎಣಿಸುತ್ತಾನೆ. ಕಥೋಲಿಕ ಸಂಪ್ರದಾಯದ ಏಳು ಕಾಯಿಕ ಕರುಣಾಕಾರ್ಯಗಳಲ್ಲಿ ಆರು ಈ ಪಟ್ಟಿಯಿಂದ ಬಂದವು. ಸತ್ತವರನ್ನು ಹೂಳುವ ಏಳನೆಯ ಕಾರ್ಯ ತೋಬಿತನ ಗ್ರಂಥದಿಂದ ಬಂದದ್ದು.

ಯೆರೂಸಲೇಮಿನ ಸಭೆ: ವಿಶ್ವಾಸಿಗಳು ಆಸ್ತಿ ಮಾರಿ ಬಂದ ಹಣವನ್ನು ಅಪೊಸ್ತಲರಿಗೆ ಒಪ್ಪಿಸುತ್ತಿದ್ದರು, ಅದನ್ನು ಅವರವರ ಅಗತ್ಯಕ್ಕೆ ತಕ್ಕಂತೆ ಹಂಚಲಾಗುತ್ತಿತ್ತು (ಅಪೊಸ್ತಲರ ಕೃತ್ಯಗಳು 2:44–45, 4:32–37). ಗ್ರೀಕ್ ಮಾತಿನ ವಿಧವೆಯರನ್ನು ದಿನದ ಹಂಚಿಕೆಯಲ್ಲಿ ಕಡೆಗಣಿಸಲಾಗುತ್ತಿದೆಯೆಂಬ ದೂರು ಬಂದಾಗ ಏಳು ಮಂದಿಯನ್ನು ನೇಮಿಸಲಾಯಿತು (6:1–6). ಸಭಾಸೇವಕರ ಹುದ್ದೆಯ ಮೂಲವನ್ನು ಸಂಪ್ರದಾಯವು ಈ ನೇಮಕದಲ್ಲಿ ಗುರುತಿಸುತ್ತದೆ. ಯೊಪ್ಪದ ತಬಿಥಾ ವಿಧವೆಯರಿಗೆ ಬಟ್ಟೆ ಹೊಲಿದುಕೊಡುತ್ತಿದ್ದಳು (9:36–39).

ಪೌಲನ ಹಣಸಂಗ್ರಹ: ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಅಪೊಸ್ತಲ ಪೌಲನು ಗಲಾತ್ಯ, ಮಕೆದೋನ್ಯ ಮತ್ತು ಅಖಾಯದ ಸಭೆಗಳಿಂದ ಹಣ ಕೂಡಿಸಿದನು. ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಷ್ಟನ್ನು ತೆಗೆದಿಡಬೇಕು (1 ಕೊರಿಂಥ 16:1–4). ಗುರಿ ಸಮತೆ, ಕೊಡುವವರಿಗೆ ಕಷ್ಟ ತರುವುದಲ್ಲ (2 ಕೊರಿಂಥ 8:13–15). ಕೊಡುಗೆ ಒತ್ತಾಯದಿಂದಲ್ಲದೆ ಸಂತೋಷದಿಂದ ಇರಬೇಕು (9:7). ಹಣದ ಬಗ್ಗೆ ಆಕ್ಷೇಪ ಬಾರದಂತೆ ಸಭೆಗಳು ಆರಿಸಿದ ಪ್ರತಿನಿಧಿಗಳು ಜೊತೆಯಲ್ಲಿ ಹೋಗಬೇಕು (8:18–21).

ಇತರ ಪತ್ರಿಕೆಗಳು: ಅನಾಥರನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ಪರಾಮರಿಸುವುದು ಶುದ್ಧಭಕ್ತಿಯ ಅಂಗವೆಂದು ಯಾಕೋಬ 1:27 ಹೇಳುತ್ತದೆ, ಊಟಬಟ್ಟೆಯಿಲ್ಲದವನಿಗೆ ಬರಿಯ ಹಾರೈಕೆ ಹೇಳುವ ನಂಬಿಕೆ ಸತ್ತದ್ದೆಂದು ಮುಂದಿನ ಅಧ್ಯಾಯ ಹೇಳುತ್ತದೆ (2:14–17). 1 ತಿಮೊಥೆಯ 5:3–16ರಲ್ಲಿ ಸಭೆಯ ಪಟ್ಟಿಗೆ ಸೇರುವ ವಿಧವೆಗೆ 60 ವರ್ಷ ತುಂಬಿರಬೇಕೆಂದಿದೆ. ಮಕ್ಕಳೂ ಮೊಮ್ಮಕ್ಕಳೂ ಇದ್ದರೆ ಪೋಷಣೆಯ ಮೊದಲ ಹೊಣೆ ಅವರದು. 1 ಯೋಹಾನ 3:17 ಕೊರತೆಯಲ್ಲಿರುವ ಸಹೋದರನನ್ನು ಕಂಡೂ ಕರುಳು ಬಿಗಿಹಿಡಿಯುವವನಲ್ಲಿ ದೇವರ ಪ್ರೀತಿ ಇದೆಯೇ ಎಂದು ಪ್ರಶ್ನಿಸುತ್ತದೆ.

ಕೊಡುಗೆಯ ಬಗೆಗಳು

ಬೈಬಲ್ಲಿನಲ್ಲಿ ಕಾಣುವ ಕೊಡುಗೆಗಳನ್ನು ಐದು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಕಡ್ಡಾಯ ಪಾಲು: ಹೊಲದಂಚು, ಹಕ್ಕಲು, ಮೂರನೆಯ ವರ್ಷದ ದಶಮಾಂಶ. ಎರಡನೆಯದು ವಿನಾಯಿತಿ: ಬಡ್ಡಿಯಿಲ್ಲದ ಸಾಲ, ಸಾಲದ ಬಿಡುಗಡೆ, ಒತ್ತೆಯ ಮೇಲಿನ ನಿರ್ಬಂಧ. ಮೂರನೆಯದು ಸ್ವಂತ ಇಚ್ಛೆಯ ದಾನ: ತೋಬಿತನ ಉಪದೇಶ, ಆಸ್ತಿಯ ಅರ್ಧವನ್ನು ಬಡವರಿಗೆ ಕೊಡಲು ಮುಂದಾದ ಜಕ್ಕಾಯನ ನಿರ್ಧಾರ (ಲೂಕ 19:8). ನಾಲ್ಕನೆಯದು ಸಾಮೂಹಿಕ ನಿಧಿ: ಯೆರೂಸಲೇಮಿನ ಹಂಚಿಕೆ, ಪೌಲನ ಸಂಗ್ರಹ. ಐದನೆಯದು ಆಶ್ರಯ ಮತ್ತು ವಕಾಲತ್ತು: ಮನೆಗೆ ಸೇರಿಸಿಕೊಳ್ಳುವುದು, ನ್ಯಾಯಸ್ಥಾನದಲ್ಲಿ ದುರ್ಬಲರ ಪರ ಮಾತಾಡುವುದು (ಜ್ಞಾನೋಕ್ತಿಗಳು 31:8–9).

ಯೆಹೂದಿ ಸಂಪ್ರದಾಯದಲ್ಲಿ ಬೆಳವಣಿಗೆ

ಕ್ರಿ.ಶ. ಸುಮಾರು 200ರಲ್ಲಿ ಸಂಕಲಿತವಾದ, ರಬ್ಬಿಗಳ ವಿಧಿಸಂಗ್ರಹವಾದ ಮಿಷ್ನಾದಲ್ಲಿ ‘ಪೆಆ’ ಎಂಬ ಪ್ರಕರಣ ಹೊಲದಂಚಿನ ವಿಧಿಗೆ ಮೀಸಲಾಗಿದೆ. ಬಡವರಿಗೆ ಬಿಡುವ ಅಂಚು ಬೆಳೆಯ 60ನೆಯ ಒಂದು ಪಾಲಿಗಿಂತ ಕಡಿಮೆಯಿರಬಾರದೆಂದು ಅದು ಗೊತ್ತುಪಡಿಸುತ್ತದೆ. ಊರುಗಳಲ್ಲಿ ಎರಡು ವ್ಯವಸ್ಥೆಗಳಿದ್ದವು. ‘ತಮ್ಹುಯ್’ ದಿನದ ಊಟದ ಹಂಚಿಕೆ. ‘ಕುಪ್ಪಾ’ ವಾರಕ್ಕೊಮ್ಮೆ ಹಂಚುವ ನಿಧಿ. ಕುಪ್ಪಾದ ಹಣವನ್ನು ಇಬ್ಬರು ಕೂಡಿಸಬೇಕು, ಮೂವರು ಹಂಚಬೇಕು. ಬಿಡುಗಡೆಯ ವರ್ಷ ಹತ್ತಿರವಾದಾಗ ಸಾಲ ಸಿಗದಂತಾದ ತೊಡಕಿಗೆ ಯೆಹೂದಿ ಗುರು ಹಿಲ್ಲೇಲನು ‘ಪ್ರೊಸ್ಬುಲ್’ ಎಂಬ ಪತ್ರದ ಮೂಲಕ ಪರಿಹಾರ ಕಲ್ಪಿಸಿದನೆಂದು ಮಿಷ್ನಾ ಹೇಳುತ್ತದೆ. ಇದರಂತೆ ಸಾಲದ ವಸೂಲಿ ನ್ಯಾಯಸ್ಥಾನಕ್ಕೆ ವರ್ಗವಾಗಿ, ಸಾಲ ರದ್ದಾಗುತ್ತಿರಲಿಲ್ಲ. ಅನಾಥರ ಆಸ್ತಿಗೆ ಪಾಲಕನನ್ನು ನೇಮಿಸುವ ಅಧಿಕಾರವೂ ನ್ಯಾಯಸ್ಥಾನದ್ದು.

ದಾನಕ್ಕಾಗಿ ಸ್ವತ್ತಿನ ಐದನೆಯ ಒಂದು ಪಾಲಿಗಿಂತ ಹೆಚ್ಚು ವ್ಯಯಿಸಬಾರದೆಂಬ ಮಿತಿಯನ್ನು ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮೂದ್ ದಾಖಲಿಸಿದೆ. ಅನಾಥ ಬಾಲಕ ಬಾಲಕಿಯರನ್ನು ಮನೆಯಲ್ಲಿ ಬೆಳೆಸಿ ಮದುವೆ ಮಾಡಿಕೊಡುವುದನ್ನು ಎಡೆಬಿಡದ ಧರ್ಮವೆಂದು ಎಣಿಸಿದೆ. 12ನೆಯ ಶತಮಾನದ ಯೆಹೂದಿ ವಿದ್ವಾಂಸ ಮೈಮೊನಿಡೀಸ್ ದಾನವನ್ನು ಎಂಟು ಮೆಟ್ಟಿಲುಗಳಾಗಿ ವಿಂಗಡಿಸಿದನು. ಸಾಲ, ಪಾಲುದಾರಿಕೆ ಅಥವಾ ಕೆಲಸ ಕೊಟ್ಟು ಬಡವನು ತನ್ನ ಕಾಲ ಮೇಲೆ ನಿಲ್ಲುವಂತೆ ಮಾಡುವುದು ಅವುಗಳಲ್ಲಿ ಅತ್ಯುನ್ನತ.

ಕ್ರೈಸ್ತ ಸಭೆಯ ಇತಿಹಾಸದಲ್ಲಿ

2ನೆಯ ಶತಮಾನದ ನಡುವೆ ಕ್ರೈಸ್ತ ಲೇಖಕ ಜಸ್ಟಿನ್ ಮಾರ್ಟರ್, ಭಾನುವಾರದ ಆರಾಧನೆಯಲ್ಲಿ ಕೂಡಿದ ಕಾಣಿಕೆಯನ್ನು ಸಭೆಯ ಅಧ್ಯಕ್ಷನು ಅನಾಥರು, ವಿಧವೆಯರು, ರೋಗಿಗಳು, ಸೆರೆಯವರು ಮತ್ತು ಪರಸ್ಥಳದವರಿಗೆ ಬಳಸುವುದನ್ನು ವಿವರಿಸಿದ್ದಾನೆ. ಉತ್ತರ ಆಫ್ರಿಕದ ಲೇಖಕ ತೆರ್ತುಲ್ಯನ್ ತಿಂಗಳ ಕಾಣಿಕೆಯ ಬಳಕೆಗಳಲ್ಲಿ ಆಸ್ತಿಯೂ ಹೆತ್ತವರೂ ಇಲ್ಲದ ಮಕ್ಕಳ ಪೋಷಣೆಯನ್ನು ಹೆಸರಿಸಿದ್ದಾನೆ. 3ನೆಯ ಶತಮಾನದ ನಡುವೆ ರೋಮಿನ ಸಭೆ 1500ಕ್ಕೂ ಹೆಚ್ಚು ವಿಧವೆಯರನ್ನೂ ದೀನರನ್ನೂ ಪೋಷಿಸುತ್ತಿತ್ತೆಂದು ಬಿಷಪ್ ಕೊರ್ನೇಲ್ಯನ ಪತ್ರವನ್ನು ಆಧರಿಸಿ ಇತಿಹಾಸಕಾರ ಯೂಸೇಬಿಯಸ್ ದಾಖಲಿಸಿದ್ದಾನೆ. 4ನೆಯ ಶತಮಾನದ ‘ಅಪೊಸ್ತಲಿಕ ಸಂವಿಧಾನಗಳು’ ಎಂಬ ಗ್ರಂಥ, ಮಕ್ಕಳಿಲ್ಲದ ಕ್ರೈಸ್ತರು ಅನಾಥರನ್ನು ದತ್ತುಪಡೆಯಬೇಕೆಂದು ಸೂಚಿಸುತ್ತದೆ.

ಅದೇ ಶತಮಾನದಲ್ಲಿ ಪೋಷಣೆ ಮನೆಗಳಿಂದ ಸಂಸ್ಥೆಗಳ ಕಡೆಗೆ ಹೊರಳಿತು. ಕಪ್ಪದೋಕ್ಯದ ಸಿಸೇರಿಯದಲ್ಲಿ ಬಿಷಪ್ ಬೆಸಿಲನು ಸುಮಾರು 370ರ ವೇಳೆಗೆ ರೋಗಿಗಳಿಗೂ ಬಡವರಿಗೂ ದೊಡ್ಡ ಆಶ್ರಯಸಂಕೀರ್ಣ ಕಟ್ಟಿಸಿದನು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ‘ಓರ್ಫನೊತ್ರೊಫೇಯನ್’ ಎಂಬ ಅನಾಥಾಲಯವೂ ಅದರ ಮೇಲ್ವಿಚಾರಕನ ಹುದ್ದೆಯೂ ಬೆಳೆದವು. ಅಲೆಕ್ಸಿಯೋಸ್ ಕೊಮ್ನೆನೋಸ್ ಚಕ್ರವರ್ತಿ (ಆಳ್ವಿಕೆ 1081–1118) ಅದನ್ನು ವಿಸ್ತರಿಸಿದನು. ಫ್ಲಾರೆನ್ಸ್‌ನಲ್ಲಿ ಬ್ರುನೆಲೆಸ್ಕಿ ವಿನ್ಯಾಸಗೊಳಿಸಿದ ‘ಓಸ್ಪೆದಾಲೆ ದೆಲ್ಯಿ ಇನೊಚೆಂತಿ’ ಎಂಬ ಶಿಶುಗೃಹ 1445ರಲ್ಲಿ ಮಕ್ಕಳನ್ನು ಸೇರಿಸಿಕೊಳ್ಳತೊಡಗಿತು. ಪ್ರೊಟೆಸ್ಟೆಂಟ್ ಸುಧಾರಣೆಯ ಕಾಲದಲ್ಲಿ ಜರ್ಮನಿಯ ಲೈಸ್‌ನಿಗ್ ಪಟ್ಟಣ 1523ರಲ್ಲಿ ಬಡವರಿಗಾಗಿ ಸಾಮಾನ್ಯ ನಿಧಿಯ ನಿಯಮಾವಳಿ ಮಾಡಿತು. ಸುಧಾರಕ ಲೂಥರನು ಅದಕ್ಕೆ ಮುನ್ನುಡಿ ಬರೆದನು. ಹಾಲೆ ನಗರದಲ್ಲಿ ಆಗುಸ್ಟ್ ಹೆರ್ಮನ್ ಫ್ರಾಂಕೆ 1690ರ ದಶಕದಲ್ಲಿ ಅನಾಥಾಲಯವನ್ನೂ ಶಾಲೆಗಳನ್ನೂ ಸ್ಥಾಪಿಸಿದನು. ಜಾರ್ಜ್ ಮುಲ್ಲರ್ 1836ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಆರಂಭಿಸಿದ ಆಶ್ರಯಗಳಲ್ಲಿ ಅವನ ಜೀವಿತಕಾಲದಲ್ಲಿ ಸುಮಾರು 10,000 ಮಕ್ಕಳು ಬೆಳೆದರು.

ಭಾರತ ಮತ್ತು ಕರ್ನಾಟಕ

ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ ಕನ್ನಡದಲ್ಲಿ ಪೂರ್ಣ ಬೈಬಲ್ 1831ರಲ್ಲಿ ಹೊರಬಂತು. ‘ಹಕ್ಕಲು’, ‘ಸಿವುಡು’, ‘ಒತ್ತೆ’ ಮುಂತಾದ ಬೇಸಾಯದ ಮತ್ತು ಲೇವಾದೇವಿಯ ಪದಗಳ ಮೂಲಕ ಈ ವಿಧಿಗಳು ಕನ್ನಡ ಅನುವಾದಗಳಲ್ಲಿ ನೆಲೆಗೊಂಡಿವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಶಾಲೆ ಮತ್ತು ಮಕ್ಕಳ ಆಶ್ರಯಗಳ ಜೊತೆಗೆ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳನ್ನು ತೆರೆದು ಬಡವರಿಗೆ ಕೆಲಸ ಒದಗಿಸಿತು. ಮಂಗಳೂರಿನ ಜೆಪ್ಪುವಿನಲ್ಲಿ ಕಥೋಲಿಕರ ಸಂತ ಜೋಸೆಫರ ಆಶ್ರಮವು ಅನಾಥಾಲಯವನ್ನೂ ಕೈಕಸುಬಿನ ಕಾರ್ಯಾಗಾರವನ್ನೂ ಒಟ್ಟಾಗಿ ನಡೆಸಿತು. ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಆರಂಭಿಸಿದ ಹೋಮಿಯೋಪಥಿ ಔಷಧಾಲಯ ಮುಂದೆ ದೊಡ್ಡ ಆಸ್ಪತ್ರೆಯಾಯಿತು.

ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1870ರ ದಶಕದ ಬರಗಾಲದಲ್ಲಿ ತಂದೆತಾಯಿಯರನ್ನು ಕಳೆದುಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಧರ್ಮ ಸ್ವೀಕರಿಸಿದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ಆರಂಭಿಸಿ, ಮುಂದೆ ಪುಣೆಯ ಬಳಿಯ ಕೇಡಗಾಂವ್‌ನಲ್ಲಿ ಮುಕ್ತಿ ಸದನವನ್ನು ಕಟ್ಟಿ, 1896–97ರ ಬರಕ್ಕೆ ತುತ್ತಾದ ಹೆಣ್ಣುಮಕ್ಕಳಿಗೂ ಅನಾಥರಿಗೂ ಅಲ್ಲಿ ಆಶ್ರಯ ಕೊಟ್ಟರು. 1912ರಲ್ಲಿ ಅವರು ಕಲಬುರಗಿಯಲ್ಲಿ ಶಾಲೆಯೊಂದನ್ನು ಸ್ಥಾಪಿಸಿದರು.

ವ್ಯಾಖ್ಯಾನದ ಭೇದಗಳು

ಜೂಬಿಲಿಯ ವಿಧಿ ಇಡೀ ನಾಡಿನಲ್ಲಿ ಆಚರಣೆಗೆ ಬಂದುದಕ್ಕೆ ಬೈಬಲ್ಲಿನ ಇತಿಹಾಸ ಗ್ರಂಥಗಳಲ್ಲಿ ದಾಖಲೆಯಿಲ್ಲ. ಅದು ಜಾರಿಯಲ್ಲಿದ್ದ ಕಾನೂನೋ ಆದರ್ಶವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಮತವಿದೆ. ಮತ್ತಾಯ 25ರ ‘ಅಲ್ಪರಾದ ಸಹೋದರರು’ ಎಲ್ಲ ದೀನರನ್ನು ಸೂಚಿಸುತ್ತಾರೆಂದು ಕೆಲವರೂ ಕಷ್ಟದಲ್ಲಿದ್ದ ಶಿಷ್ಯರನ್ನು ಮಾತ್ರವೆಂದು ಕೆಲವರೂ ಅರ್ಥೈಸುತ್ತಾರೆ. ಎರಡು ಕಾಸು ಹಾಕಿದ ವಿಧವೆಯ ಪ್ರಸಂಗ (ಮಾರ್ಕ 12:41–44) ಔದಾರ್ಯದ ಮೆಚ್ಚುಗೆಯೆಂಬುದು ರೂಢಿಯ ವ್ಯಾಖ್ಯಾನ. ಅದಕ್ಕೆ ತುಸು ಮುಂಚೆ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಖಂಡನೆ ಇರುವುದರಿಂದ, ಇದು ಆ ವ್ಯವಸ್ಥೆಯ ಮೇಲಿನ ಶೋಕವೆಂದು ಓದುವವರೂ ಇದ್ದಾರೆ. ದಾನದಿಂದ ಪಾಪಪರಿಹಾರವೆಂಬ ಮಾತನ್ನು ಕಥೋಲಿಕ ಸಂಪ್ರದಾಯ ಪ್ರಾಯಶ್ಚಿತ್ತದ ಭಾಗವಾಗಿ ಸ್ವೀಕರಿಸಿದರೆ, ಪ್ರೊಟೆಸ್ಟೆಂಟ್ ಸಂಪ್ರದಾಯ ದಾನವನ್ನು ನಂಬಿಕೆಯ ಫಲವೆಂದು ಮಾತ್ರ ಎಣಿಸುತ್ತದೆ. ದಶಮಾಂಶ ಕ್ರೈಸ್ತರಿಗೆ ಕಡ್ಡಾಯವೇ ಎಂಬುದರಲ್ಲಿಯೂ ಸಭೆಗಳಿಗೆ ಒಮ್ಮತವಿಲ್ಲ. ಪೆರುವಿನ ಗುಸ್ತಾವೊ ಗುಟಿಯೆರೆಸ್ 1971ರಲ್ಲಿ ಪ್ರಕಟಿಸಿದ ಗ್ರಂಥದಿಂದ ಪ್ರಸಿದ್ಧವಾದ ವಿಮೋಚನಾ ದೇವತಾಶಾಸ್ತ್ರ, ಬಡತನದ ಕಾರಣಗಳನ್ನೇ ಬದಲಿಸುವುದು ಈ ಬೋಧನೆಯ ಗುರಿಯೆಂದು ವಾದಿಸಿತು.

ಇಂದಿನ ಸ್ಥಿತಿ

ಇಸ್ರೇಲ್ ದೇಶದಲ್ಲಿ ಏಳನೆಯ ವರ್ಷದ ಬೀಳನ್ನು ಸಂಪ್ರದಾಯನಿಷ್ಠ ಒಕ್ಕಲಿಗರು ಈಗಲೂ ಪಾಲಿಸುತ್ತಾರೆ. 2021–22 ಅಂಥ ವರ್ಷವಾಗಿತ್ತು. ಕೊಯ್ಲಿನ ನಂತರ ಹೊಲದಲ್ಲಿ ಉಳಿದ ತರಕಾರಿ, ಹಣ್ಣುಗಳನ್ನು ಸ್ವಯಂಸೇವಕರು ಆಯ್ದು ಬಡವರಿಗೆ ಮುಟ್ಟಿಸುವ ಸಂಸ್ಥೆಗಳು ಇಸ್ರೇಲ್ ಮತ್ತು ಅಮೆರಿಕಗಳಲ್ಲಿವೆ. ಬಡ ದೇಶಗಳ ಸಾಲ ಮನ್ನಾಕ್ಕಾಗಿ 1990ರ ದಶಕದಲ್ಲಿ ನಡೆದ ‘ಜೂಬಿಲಿ 2000’ ಚಳವಳಿ ತನ್ನ ಹೆಸರನ್ನು ಯಾಜಕಕಾಂಡದಿಂದ ಪಡೆಯಿತು. ಕಥೋಲಿಕ ಸಭೆ 2017ರಿಂದ ನವೆಂಬರ್‌ನಲ್ಲಿ ವಿಶ್ವ ಬಡವರ ದಿನವನ್ನು ಆಚರಿಸುತ್ತಿದೆ.

ಅನಾಥರ ವಿಷಯದಲ್ಲಿ ಒತ್ತು ದೊಡ್ಡ ಅನಾಥಾಲಯಗಳಿಂದ ಕುಟುಂಬದ ಕಡೆಗೆ ಸರಿದಿದೆ. ತಂದೆ ಅಥವಾ ತಾಯಿ, ಇಲ್ಲವೆ ಇಬ್ಬರನ್ನೂ ಕಳೆದುಕೊಂಡ ಮಗುವನ್ನು ಯುನಿಸೆಫ್ ಅನಾಥವೆಂದು ಎಣಿಸುತ್ತದೆ. ಈ ಅರ್ಥದಲ್ಲಿ ಅನಾಥರಾದ ಬಹುಪಾಲು ಮಕ್ಕಳಿಗೆ ಬದುಕಿರುವ ತಾಯಿ ಅಥವಾ ತಂದೆ ಇದ್ದಾರೆ. ವಿಶ್ವಸಂಸ್ಥೆ 2009ರಲ್ಲಿ ಅಂಗೀಕರಿಸಿದ ಮಾರ್ಗಸೂಚಿಗಳು ಬಡತನವೊಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಬೇರ್ಪಡಿಸಬಾರದೆನ್ನುತ್ತವೆ. ಹಲವು ಕ್ರೈಸ್ತ ಸೇವಾಸಂಸ್ಥೆಗಳೂ ತಾಯಂದಿರಿಗೆ ನೆರವು, ಬಂಧುಗಳ ಮನೆಯಲ್ಲಿ ಪಾಲನೆ, ಪೋಷಕ ಕುಟುಂಬ ಮತ್ತು ದತ್ತು ಕ್ರಮಗಳಿಗೆ ತಿರುಗಿವೆ.

ಭಾರತದಲ್ಲಿ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಕ್ರೈಸ್ತರಿಗೆ ಅನ್ವಯಿಸುವುದಿಲ್ಲ. ಹಿಂದೆ ಅವರಿಗೆ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ಪಾಲಕತ್ವ ಮಾತ್ರ ಸಿಗುತ್ತಿತ್ತು. ಬಾಲ ನ್ಯಾಯ ಕಾಯ್ದೆಯಡಿ ಯಾವ ಧರ್ಮದವರಾದರೂ ದತ್ತು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟಪಡಿಸಿತು. ಈಗ ಜಾರಿಯಲ್ಲಿರುವ 2015ರ ಬಾಲ ನ್ಯಾಯ ಕಾಯ್ದೆಯಂತೆ, ಸಭೆಗಳು ನಡೆಸುವ ಮಕ್ಕಳ ಆಶ್ರಯಗಳೂ ಸೇರಿದಂತೆ ಎಲ್ಲ ಪಾಲನಾ ಸಂಸ್ಥೆಗಳು ನೋಂದಣಿಯಾಗಿರಬೇಕು, ತಪಾಸಣೆಗೆ ಒಳಪಡಬೇಕು. ಆಸರೆ ಬೇಕಾದ ಮಗುವನ್ನು ಎಲ್ಲಿ ಇರಿಸಬೇಕೆಂಬ ನಿರ್ಧಾರ ಜಿಲ್ಲಾ ಮಟ್ಟದ ಮಕ್ಕಳ ಕಲ್ಯಾಣ ಸಮಿತಿಗೆ ಸೇರಿದೆ.